ಬಲಗಾಲಿನ ಬೂಟು

ಊರಿನ ಬೀಗಗಳನ್ನೆಲ್ಲ ಬಿಚ್ಚುವವನಿಗೆ ತನ್ನ ಜೇಬಿಗೆ ಮಾತ್ರ ಬೀಗ ಹಾಕಲು ಬರಲಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳದೆ ಇನ್ನೇನು ಮಾಡಿಯಾರು? ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕೂತು ಕೀಲಿಕೈ ಮಾಡಿಕೊಡುವ ಮನುಷ್ಯ ಇಟಲಿಯ ಮೋಟಾರ್ ಸೈಕಲ್ ಇಟ್ಟುಕೊಂಡಿದ್ದ. ಅದೂ ಹೊಸದಲ್ಲ, ಅವನಿಗಿಂತ ಸ್ವಲ್ಪವೇ ಚಿಕ್ಕದು. ಕೆಂಪು ಟ್ಯಾಂಕು, ಉದ್ದನೆಯ ಸೀಟು, ಯಾರ ಮಾತಿಗೂ ಬಗ್ಗದ ಸ್ವಭಾವ. ಅದಕ್ಕೆ ದೊರೆಸಾನಿ ಎಂದು ಹೆಸರಿಟ್ಟವಳು ಅವನ ಹೆಂಡತಿ. ಅವಳು ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದಳು. ಹೋಟೆಲುಗಳ, ಆಸ್ಪತ್ರೆಗಳ ಮಾಸಿದ ಹಾಸಿಗೆ ಬಟ್ಟೆಯನ್ನು ತಂದು ಹಾಕಿ, ಒಗೆದದ್ದನ್ನು ತಲುಪಿಸುವ ಕೆಲಸ. ಹಾಗಾಗಿ ಊರಿಗೆಲ್ಲ ಅವಳು ವ್ಯಾನಕ್ಕ, ಅವನು ಬೀಗದವನು.

ದೊರೆಸಾನಿಯ ದರ್ಬಾರು ಸಾಮಾನ್ಯದ್ದಾಗಿರಲಿಲ್ಲ. ಬೇರೆ ಗಾಡಿ ಕೆಟ್ಟರೆ ಬೀದಿ ತುದಿಯಲ್ಲಿ ಸಾಮಾನು ಸಿಗುತ್ತದೆ. ಇದಕ್ಕೆ ಒಂದು ವಾಷರ್ ಬೇಕೆಂದರೂ ಸಮುದ್ರ ದಾಟಿ ಪಾರ್ಸೆಲ್ ಬರಬೇಕು. ಅದು ಬರುವವರೆಗೆ ಬೀಗದವನಿಗೆ ಅನ್ನ ಸೇರುತ್ತಿರಲಿಲ್ಲ. ಹೆರಿಗೆ ಕೋಣೆಯ ಹೊರಗೆ ಶತಪಥ ಹಾಕುವ ಗಂಡನ ಹಾಗೆ ಅಂಚೆಯವನ ದಾರಿ ಕಾಯುತ್ತಿದ್ದ. ಎಣ್ಣೆ ಸೋರುವುದಂತೂ ಅದರ ಹುಟ್ಟುಗುಣ. ಮುಂದಿನ ಕೋಣೆಗೆ ಒಂದು ಸೋಫಾ ತರೋಣ ಎಂದು ವ್ಯಾನಕ್ಕ ಹೇಳಿದ್ದೇ ಬಂತು. ಸೋಫಾ ಇರಬೇಕಾದ ಜಾಗದಲ್ಲಿ ದೊರೆಸಾನಿ ನಿಂತಿರುತ್ತಿದ್ದಳು, ಕೆಳಗೆ ಎಣ್ಣೆ ಹಿಡಿಯಲು ಹಳೆಯ ತಟ್ಟೆ. ಬಂದ ನೆಂಟರು ಅಡುಗೆಮನೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರಬೇಕಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಬೀಗದವನ ಅಕ್ಕ ಬಂದಾಗಲೆಲ್ಲ ಹಂಗಿಸಿ, ಹೋಗುವಾಗ ಸೀಟಿನ ಮೇಲೆ ಒಮ್ಮೆ ಕೈಯಾಡಿಸಿ ಹೋಗುತ್ತಿದ್ದಳು.

ಆದರೆ ರಜೆಯ ದಿನ ಬಂತೆಂದರೆ ಆ ಕಷ್ಟವೆಲ್ಲ ಮರೆತುಹೋಗುತ್ತಿತ್ತು. ಬೆಳಿಗ್ಗೆ ಅವನು ಗಾಡಿಯನ್ನು ಬೀದಿಗಿಳಿಸಿ, ಪಕ್ಕದಲ್ಲಿ ನಿಂತು ಒದ್ದು ಎಬ್ಬಿಸುತ್ತಿದ್ದ. ಅದು ಒಮ್ಮೆ ಕೆಮ್ಮಿ, ಎರಡನೆಯ ಸಲ ಬೈದು, ಆಮೇಲೆ ಎದೆಯೊಳಗೇ ಗುಡುಗಿದಂತೆ ಸದ್ದು ಹಿಡಿಯುತ್ತಿತ್ತು. ವಾರವೆಲ್ಲ ಲಾಂಡ್ರಿಯ ಹಬೆಯಲ್ಲಿ ಬೆಂದವಳಿಗೆ ಗುಡ್ಡದ ರಸ್ತೆಯ ತಣ್ಣನೆ ಗಾಳಿ ಮುಖಕ್ಕೆ ಹೊಡೆದಾಗ ಆಗುತ್ತಿದ್ದ ಸುಖವನ್ನು ಯಾರಿಗೂ ಹೇಳಿ ತಿಳಿಸುವ ಹಾಗಿರಲಿಲ್ಲ. ತಿರುವಿನಲ್ಲಿ ಗಾಡಿ ಬಾಗುವಾಗ ಇಬ್ಬರೂ ಒಟ್ಟಿಗೆ ಬಾಗುತ್ತಿದ್ದರು. ಆ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸುತ್ತಿರಲಿಲ್ಲವಾದ್ದರಿಂದ ಮುಖ ನೋಡಿ ಹೇಳಲಾಗದ್ದನ್ನೆಲ್ಲ ವ್ಯಾನಕ್ಕ ಅವನ ಬೆನ್ನಿಗೆ ಹೇಳುತ್ತಿದ್ದಳು. ಮಕ್ಕಳಾಗಲಿಲ್ಲ ಎಂಬ ಸಂಕಟವನ್ನು ಹೇಳಿದ್ದೂ ಆ ಬೆನ್ನಿಗೇ, ನಿಮ್ಮನ್ನು ಕಟ್ಟಿಕೊಂಡಿದ್ದಕ್ಕೆ ನನಗೆ ಬೇಜಾರಿಲ್ಲ ಎಂದು ಹೇಳಿದ್ದೂ ಅದಕ್ಕೇ. ಮುಖಕ್ಕೆ ಮಾತ್ರ ಜೋರಾಗಿ ಒಂದು ಮಾತು ಅಂದವಳಲ್ಲ.

ದೊರೆಸಾನಿಯ ಇನ್ನೊಂದು ವೈಯಾರವನ್ನು ಇಲ್ಲೇ ಹೇಳಿಬಿಡಬೇಕು. ಊರಿನ ಗಾಡಿಗಳಿಗೆಲ್ಲ ಗೇರು ಎಡಗಾಲಿಗೆ, ಬ್ರೇಕು ಬಲಗಾಲಿಗೆ. ಇದಕ್ಕೆ ಎಲ್ಲವೂ ತಿರುಗುಮುರುಗು: ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹಳೆಯ ಕಾಲದಲ್ಲಿ ಅಲ್ಲಿಯವರು ಹಾಗೆಯೇ ಮಾಡುತ್ತಿದ್ದರಂತೆ. ಬೀಗದವನು ಗಾಡಿ ಓಡಿಸಲು ಕಲಿತದ್ದೇ ಇದರ ಮೇಲೆ. ಬೇರೊಂದನ್ನು ಮುಟ್ಟುವ ಮನಸ್ಸೂ ಅವನಿಗೆ ಬಂದಿರಲಿಲ್ಲ. ಎಂದಾದರೂ ವ್ಯಾನಿನಲ್ಲಿ ಅವಳ ಪಕ್ಕ ಕೂತರೆ, ಎದುರಿಗೆ ಏನಾದರೂ ಅಡ್ಡ ಬಂದಾಗ ಅವನ ಎಡಗಾಲು ತಾನಾಗಿ ಒತ್ತುತ್ತಿತ್ತು. "ಅಲ್ಲಿ ಬ್ರೇಕಿಲ್ಲ ಕಣ್ರೀ, ಬರೀ ಚಾಪೆ ಇದೆ. ತೂತು ಮಾಡಿ ನೆಲಕ್ಕೆ ಕಾಲು ಕೊಟ್ಟೀರಿ" ಎಂದು ವ್ಯಾನಕ್ಕ ನಗುತ್ತಿದ್ದಳು.

ಹೀಗಿರುವಾಗ ದೊರೆಸಾನಿಯ ಹೊಟ್ಟೆಯೊಳಗೆ ಹೆಬ್ಬೆರಳಿನಷ್ಟುದ್ದದ ಒಂದು ಸ್ಪ್ರಿಂಗು ಮುರಿಯಿತು. ಗಾಡಿ ಗ್ರೀಸಪ್ಪನ ಶೆಡ್ಡು ಸೇರಿತು. ಮೆಕ್ಯಾನಿಕ್‌ಗೆ ಆ ಹೆಸರು ಯಾರಿಟ್ಟರೋ, ಕೈ ಕುಲುಕಿದವರೆಲ್ಲ ಒಪ್ಪಿಕೊಂಡಿದ್ದರು. ಅವನು ಬೀಗದವನಿಗೆ ಒಡಹುಟ್ಟಿದ ತಮ್ಮನಿಗಿಂತ ಹೆಚ್ಚು. ಅವನನ್ನು ಅಣ್ಣ ಎನ್ನುತ್ತಿದ್ದ, ಇವಳನ್ನು ಅತ್ತಿಗೆ ಎನ್ನುತ್ತಿದ್ದ. ಪಾರ್ಸೆಲ್ ಬರಲಿ ಎಂದು ಮೂವರೂ ಕಾದು ಕೂತರು. ಅಷ್ಟರಲ್ಲಿ ಪಕ್ಕದೂರಿನ ಒಂದು ಕಚೇರಿಯವರು ಕಪಾಟಿನ ಕೀಲಿ ಕಳೆದಿದೆ, ಬಿಡುವಾದಾಗ ಬಂದು ತೆಗೆದುಕೊಡಿ ಎಂದು ಹೇಳಿ ಕಳಿಸಿದರು. ಅವಸರದ ಕೆಲಸವಲ್ಲ, ಬೇಕಾದಷ್ಟು ಬಸ್ಸುಗಳಿದ್ದವು. ಆದರೆ ಬಸ್ಸು ಮೂಟೆ ಸಾಗಿಸುವುದಕ್ಕೆ, ಮನುಷ್ಯರಿಗಲ್ಲ ಎನ್ನುವುದು ಬೀಗದವನ ಸಿದ್ಧಾಂತ. ಗ್ರೀಸಪ್ಪನ ಸ್ವಂತ ಗಾಡಿಯನ್ನು ಕೇಳಿ ಪಡೆದು ಹೊರಟ.

ಸಣ್ಣಗೆ ಹನಿ ಬೀಳುತ್ತಿತ್ತು. ಇಟ್ಟಿಗೆ ಕಾರ್ಖಾನೆಯ ತಿರುವಿನಲ್ಲಿ ಒಂದು ಲಾರಿ ಹಿಂದೆ ಹಿಂದೆ ಸರಿಯುತ್ತಾ ರಸ್ತೆಗೆ ಬಂತು. ಎದುರಿನ ಟೈರ್ ಅಂಗಡಿಯವನು ಕಣ್ಣಾರೆ ಕಂಡಿದ್ದ. "ಬ್ರೇಕ್ ಹಾಕಿದ ಗುರುತೇ ಇಲ್ಲ. ಲಾರಿ ಕಾಣಲೇ ಇಲ್ಲವೇನೋ ಅನ್ನೋ ಹಾಗೆ ನೇರ ಹೋಗಿ ಹೊಡೆದರು" ಎಂದು ಕೇಳಿದವರಿಗೆಲ್ಲ ಹೇಳಿದ. ಗಾಡಿ ಜಜ್ಜಿ ಮುದ್ದೆಯಾಗಿತ್ತು, ಪರೀಕ್ಷೆ ಮಾಡಲು ಬಂದವರಿಗೆ ಅದರಲ್ಲಿ ನೋಡುವಂಥದ್ದೇನೂ ಕಾಣಲಿಲ್ಲ. ಬ್ರೇಕು ಹಿಡಿದಿರಲಿಕ್ಕಿಲ್ಲ ಎಂದು ಭುಜ ಕುಣಿಸಿ ಹೋದರು.

ವ್ಯಾನಕ್ಕನಿಗೆ ಅಷ್ಟು ಸಾಕಾಯಿತು. ಸಾವಿನ ಮನೆಯ ಬಾಗಿಲಲ್ಲಿ, ಸೇರಿದ್ದ ಜನರೆಲ್ಲರ ಎದುರಿಗೆ, ಅಳುತ್ತಾ ಬಂದ ಗ್ರೀಸಪ್ಪನ ಅಂಗಿ ಹಿಡಿದು ಬಾಯಿಗೆ ಬಂದಂತೆ ಬೈದಳು. "ಊರಿಗೆಲ್ಲ ಬ್ರೇಕ್ ಕಟ್ಟಿಕೊಡ್ತೀಯಲ್ಲೋ, ನಿನ್ನ ಗಾಡಿ ಬ್ರೇಕ್ ನೋಡಿಕೊಳ್ಳೋಕೆ ನಿನಗೆ ಕಣ್ಣಿರಲಿಲ್ವಾ? ನನ್ನ ಗಂಡನ್ನ ತಿಂದೆ! ನಿನ್ನ ಶೆಡ್ಡಿಗೆ ಕಸ ಗುಡಿಸೋರೂ ಬರದ ಹಾಗಾಗಲಿ!"

ಗ್ರೀಸಪ್ಪ ತುಟಿ ಬಿಚ್ಚಲಿಲ್ಲ, ತಲೆ ತಗ್ಗಿಸಿ ನಿಂತ. ಮೌನವೇ ಒಪ್ಪಿಗೆ ಎಂದುಕೊಂಡರು ಎಲ್ಲರೂ.

ಶಾಪ ಫಲಿಸಿತು. ಬ್ರೇಕು ಹಿಡಿಯದ ಗಾಡಿಯನ್ನು ಗೆಳೆಯನಿಗೇ ಕೊಟ್ಟವನ ಕೈಗೆ ಯಾರು ತಮ್ಮ ಗಾಡಿ ಒಪ್ಪಿಸುತ್ತಾರೆ? ಗಿರಾಕಿಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಲಾಂಡ್ರಿಯ ಕೆಲಸಗಾರರು ದೊರೆಸಾನಿಯನ್ನೂ ಮನೆಗೆ ತಳ್ಳಿಕೊಂಡು ಬಂದರು. ವ್ಯಾನಕ್ಕ ದಿನವೂ ಆ ಶೆಡ್ಡಿನ ಮುಂದೆಯೇ ಹೋಗಬೇಕಿತ್ತು. ಮೊದಲು ಸಾಲಾಗಿ ಗಾಡಿಗಳು ನಿಲ್ಲುತ್ತಿದ್ದ ಜಾಗ ಬರಿದಾಗುತ್ತ ಬಂದದ್ದನ್ನು, ಆಮೇಲೆ ಅಲ್ಲಿ ನಾಯಿ ಮಲಗಿದ್ದನ್ನು, ಕೊನೆಗೆ ಗ್ರೀಸಪ್ಪ ಸೈಕಲ್ ಪಂಚರ್ ಹಾಕುತ್ತಾ ಕೂತದ್ದನ್ನು ಅವಳು ವ್ಯಾನಿನಿಂದಲೇ ನೋಡಿದಳು. ನೋಡಿ ಹೊಟ್ಟೆ ತಣ್ಣಗಾಯಿತು. ಸುಳ್ಳು ಹೇಳಬಾರದು, ನಿಜಕ್ಕೂ ತಣ್ಣಗಾಯಿತು. ಆ ಸಿಟ್ಟೇ ಅವಳನ್ನು ಬೆಳಿಗ್ಗೆ ಎಬ್ಬಿಸಿ, ಎರಡು ತುತ್ತು ತಿನ್ನಿಸಿ, ಕೆಲಸಕ್ಕೆ ಕಳಿಸುತ್ತಿತ್ತು. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಅತ್ತುಬಿಡೇ ಎಂದು ಬೀಗದವನ ಅಕ್ಕ ಎಷ್ಟು ಹೇಳಿದರೂ ಬರಲಿಲ್ಲ.

ಇಟಲಿಯ ಪಾರ್ಸೆಲ್ ಬಂದದ್ದು ಎಲ್ಲ ಮುಗಿದ ಮೇಲೆ. ಅದನ್ನು ಬಿಚ್ಚದೆ ಕಪಾಟಿಗೆ ಸೇರಿಸಿದಳು. ಆಸ್ಪತ್ರೆಯವರು ಕೊಟ್ಟಿದ್ದ ಅವನ ಬೂಟುಗಳೂ ಅಲ್ಲೇ ಇದ್ದವು. ಕಪ್ಪು ಬೂಟು, ಬಲಗಾಲಿನದರ ಮೂತಿಗೆ ಹಳದಿ ಟೇಪು ಸುತ್ತಿತ್ತು. ಹರಿದ ಬೂಟಿಗೆ ಟೇಪು ಸುತ್ತಿಕೊಂಡು ತಿರುಗಿದನಲ್ಲ, ಆ ದೊರೆಸಾನಿಗೆ ಸುರಿದದ್ದರಲ್ಲಿ ಒಂದು ಪಾಲಾದರೂ ತನ್ನ ಕಾಲಿಗೆ ಹಾಕಿಕೊಳ್ಳಬಾರದಿತ್ತೇ ಎಂದು ನೊಂದುಕೊಂಡು ಕಪಾಟಿನ ಬಾಗಿಲು ಮುಚ್ಚಿದ್ದಳು.

ವರ್ಷ ತಿರುಗುವ ಹೊತ್ತಿಗೆ ಹಲ್ಲಿನ ಡಾಕ್ಟರೊಬ್ಬರು ಮನೆ ಹುಡುಕಿಕೊಂಡು ಬಂದರು. ಅವರಿಗೆ ಹಳೆಯ ಗಾಡಿಗಳ ಹುಚ್ಚು, ಮನೆಯಲ್ಲಿ ಬಗೆಬಗೆಯವು ಇದ್ದವು. ದೊರೆಸಾನಿಯ ಸುತ್ತ ಸುತ್ತಿ, ಬಗ್ಗಿ, ಮೂಸಿ, ಚಿಕ್ಕ ಹುಡುಗನ ಹಾಗೆ ಕೆಂಪಾದರು. ಜೊತೆಗೆ ಬಂದಿದ್ದ ಅವರ ಹೆಂಡತಿ ಬಾಗಿಲಲ್ಲೇ ನಿಂತು, ಗಂಡನ ಬೆನ್ನು ನೋಡುತ್ತಾ, "ಇನ್ನೊಂದಾ?" ಎಂದು ಮೆಲ್ಲಗೆ ನಕ್ಕರು. ವ್ಯಾನಕ್ಕ ಒಪ್ಪಿಕೊಂಡಳು. ಆ ಗಾಡಿ ಇದ್ದಷ್ಟು ದಿನ ಅವನು ಈಗ ಬಂದಾನು ಎನ್ನಿಸುವುದು ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಡಾಕ್ಟರು ತಮ್ಮ ಕಡೆಯ ಮೆಕ್ಯಾನಿಕ್ ಒಬ್ಬನನ್ನು ಕಳಿಸಿದರು. ಅವನು ಪಾರ್ಸೆಲ್ ಬಿಚ್ಚಿ ಸ್ಪ್ರಿಂಗ್ ಕೂರಿಸಿ, ಗಾಡಿಗೆ ಜೀವ ಬರಿಸಿಕೊಟ್ಟು ಹೋದ. ವಾರದ ಕೊನೆಗೆ ಡಾಕ್ಟರು ಬಂದು ಒಯ್ಯುವುದೆಂದು ಮಾತಾಯಿತು.

ಕೊಡುವ ಮುಂಚೆ ಒಂದು ಸಲವಾದರೂ ಮುಂದೆ ಕೂರಬೇಕು ಎನ್ನಿಸಿತು ವ್ಯಾನಕ್ಕನಿಗೆ. ಇಷ್ಟು ವರ್ಷ ಬೆನ್ನು ನೋಡಿದ್ದಾಯಿತು, ಆ ಬೆನ್ನು ನೋಡುತ್ತಿದ್ದದ್ದೇನು ಎಂದಾದರೂ ನೋಡೋಣ ಎಂದುಕೊಂಡಳು. ಮದುವೆಯಾದ ಹೊಸದರಲ್ಲಿ ಬೀಗದವನು ಒಂದಷ್ಟು ದಿನ ಬಯಲಿನಲ್ಲಿ ಕಲಿಸಿದ್ದ. ಲಾಂಡ್ರಿಗೆ ರಜೆ ಇದ್ದ ದಿನ ಗಾಡಿಯನ್ನು ಅದರ ಹಿತ್ತಲಿಗೆ ತಳ್ಳಿಕೊಂಡು ಹೋದಳು. ದೊಡ್ಡ ಸಿಮೆಂಟಿನ ಅಂಗಳ, ಒಂದು ಪಕ್ಕ ಬಟ್ಟೆ ಒಣಹಾಕುವ ತಂತಿಗಳು, ಇನ್ನೊಂದು ಪಕ್ಕ ಒಗೆಯಲು ಬಂದ ಮೂಟೆಗಳ ರಾಶಿ. ಗೇರು ಬಲಗಾಲು, ಬ್ರೇಕು ಎಡಗಾಲು ಎಂದು ಪಾಠದ ಹಾಗೆ ಬಾಯಲ್ಲಿ ಹೇಳಿಕೊಂಡಳು. ನಾಲ್ಕಾರು ಸಲ ಒದ್ದ ಮೇಲೆ ದೊರೆಸಾನಿ ಗುಡುಗಿತು.

ಮೊದಲ ಸುತ್ತು ಚೆನ್ನಾಗಿಯೇ ಆಯಿತು. ಎರಡನೆಯದರಲ್ಲಿ ಧೈರ್ಯ ಬಂತು. ಕೈಯೊಳಗೆ ಆ ನಡುಕ, ತೊಡೆಗಳ ನಡುವೆ ಬೆಚ್ಚನೆಯ ಟ್ಯಾಂಕು, ಮುಖಕ್ಕೆ ಗಾಳಿ. ಓಹೋ, ನೀವು ಒಬ್ಬರೇ ಅನುಭವಿಸ್ತಿದ್ದದ್ದು ಇದನ್ನಾ ಎಂದು ಎಷ್ಟೋ ತಿಂಗಳ ಮೇಲೆ ಬಾಯಿತುಂಬ ನಕ್ಕಳು. ಅಷ್ಟರಲ್ಲಿ ಮೂಟೆಗಳ ಸಂದಿಯಿಂದ ಒಂದು ಬೆಕ್ಕು ಚಂಗನೆ ಅಡ್ಡ ಹಾರಿತು.

ವ್ಯಾನಕ್ಕ ಬ್ರೇಕ್ ತುಳಿದಳು. ಇದ್ದ ಬಲವನ್ನೆಲ್ಲ ಹಾಕಿ ತುಳಿದಳು. ಖಟಕ್ ಎಂದು ಸದ್ದಾಯಿತು, ಗಾಡಿ ನಿಲ್ಲಲಿಲ್ಲ. ಮತ್ತೆ ತುಳಿದಳು, ಮತ್ತೆ ಖಟಕ್. ಬ್ರೇಕಿಲ್ಲ, ಬ್ರೇಕಿಲ್ಲ ಎಂದು ಕಿರುಚುವಷ್ಟರಲ್ಲಿ ಗಾಡಿ ಹೋಗಿ ಮೂಟೆಗಳಿಗೆ ನುಗ್ಗಿತು. ಅವಳು ಯಾರದೋ ಹೋಟೆಲಿನ ಮಾಸಿದ ಹೊದಿಕೆಗಳ ಮೇಲೆ ಅಂಗಾತ ಬಿದ್ದಳು.

ಪೆಟ್ಟೇನೂ ಆಗಲಿಲ್ಲ. ಬೆಕ್ಕು ಗೋಡೆ ಹತ್ತಿ ಕೂತು, ನಿನಗೆ ಬೇಕಿತ್ತಾ ಇದು ಎನ್ನುವಂತೆ ನೋಡಿತು. ವ್ಯಾನಕ್ಕ ಮಲಗಿದಲ್ಲೇ ತನ್ನ ಬಲಗಾಲನ್ನು ನೋಡಿದಳು. ಅದು ಇನ್ನೂ ಬಿಗಿಯಾಗಿ ಚಾಚಿಕೊಂಡಿತ್ತು, ವ್ಯಾನಿನ ಬ್ರೇಕನ್ನು ಒತ್ತಿದ ಹಾಗೆ. ತಲೆಗೆ ಗೊತ್ತಿತ್ತು, ಬಾಯಿಗೂ ಗೊತ್ತಿತ್ತು. ಕಾಲಿಗೆ ಮಾತ್ರ ವ್ಯಾನೊಂದೇ ಗೊತ್ತಿತ್ತು. ಹಾಗಾದರೆ ದೊರೆಸಾನಿಯೊಂದನ್ನೇ ಬಲ್ಲ ಕಾಲು, ಲಾರಿ ಅಡ್ಡ ಬಂದಾಗ, ಬೇರೆಯವರ ಗಾಡಿಯ ಮೇಲೆ ಏನು ಮಾಡೀತು? ವ್ಯಾನಿನ ಚಾಪೆಯನ್ನು ಒತ್ತುತ್ತಿದ್ದ ಆ ಎಡಗಾಲು ಕಣ್ಣ ಮುಂದೆ ಬಂತು.

ಮನೆಗೆ ಬಂದವಳೇ ಕಪಾಟು ತೆಗೆದು ಬಲಗಾಲಿನ ಬೂಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಳದಿ ಟೇಪನ್ನು ಉಗುರಿನಿಂದ ಎಬ್ಬಿಸಿ ನಿಧಾನವಾಗಿ ಸುಲಿದಳು. ಕೆಳಗೆ ಚರ್ಮ ನೆಟ್ಟಗಿತ್ತು. ಒಂದು ಬಿರುಕಿಲ್ಲ, ಒಂದು ಹೊಲಿಗೆ ಬಿಟ್ಟಿಲ್ಲ. ಹರಿಯದ ಬೂಟಿಗೆ ಟೇಪು ಯಾಕೆ ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಬ್ರೇಕು ಇವತ್ತು ಈ ಕಾಲಿಗೆ ಎಂದು ತನಗೆ ತಾನೇ ಹೇಳಿಕೊಳ್ಳಲು ಗುರುತು ಮಾಡಿಕೊಂಡಿದ್ದ.

ಡಾಕ್ಟರಿಗೆ ಫೋನ್ ಮಾಡಿದಳು. "ಗಾಡಿ ಮಾರಲ್ಲ ಡಾಕ್ಟ್ರೇ. ನಿಮ್ಮ ಹತ್ರ ಬೇರೆ ಗಾಡಿಗಳೂ ಇದಾವೆ."

"ಅದಕ್ಕೇ ಅಲ್ವೇನಮ್ಮಾ ಇದೂ ಬೇಕು ಅಂದಿದ್ದು? ರೇಟು ಸಾಲದಾದ್ರೆ ಬಾಯಿಬಿಟ್ಟು ಹೇಳಿ" ಎಂದರು ಅವರು.

"ರೇಟಿನ ಮಾತಲ್ಲ. ಒಂದು ದಿನ ಇದು, ಒಂದು ದಿನ ಅದು ಅಂತ ಓಡಿಸೋರಿಗೆ ಇದನ್ನ ಕೊಡೋಕೆ ನನ್ನ ಕೈ ಬರಲ್ಲ. ನಿಮ್ಮ ಮನೆಯವರನ್ನ ನೋಡಿದೀನಲ್ಲ" ಎಂದು ಫೋನ್ ಇಟ್ಟಳು. ಡಾಕ್ಟರಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ.

ಮರುದಿನ ಮಧ್ಯಾಹ್ನ, ಅಂಗಡಿಗಳೆಲ್ಲ ತೆರೆದಿದ್ದ ಹೊತ್ತು ನೋಡಿ, ವ್ಯಾನಕ್ಕ ದೊರೆಸಾನಿಯನ್ನು ಬೀದಿಗಿಳಿಸಿದಳು. ವ್ಯಾನಿನಲ್ಲಿ ಹಾಕಿಕೊಂಡು ಹೋಗಬಹುದಿತ್ತು. ಬೇಕೆಂದೇ ತಳ್ಳಿಕೊಂಡು ಹೊರಟಳು. ಕೈಚೀಲದಲ್ಲಿ ಬೂಟು ಇತ್ತು. ಗಾಡಿ ಅವಳಿಗಿಂತ ಭಾರ, ಬಿಸಿಲು ಬೇರೆ. ದರ್ಜಿ ಹೊಲಿಗೆ ನಿಲ್ಲಿಸಿ ಹೊರಗೆ ಬಂದ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವನು ಸೋಪಿನ ಮುಖದಲ್ಲೇ ಬಾಗಿಲಿಗೆ ಬಂದ. ತಳ್ಳಿಕೊಡಲಾ ಎಂದು ಕೇಳಿದವರಿಗೆಲ್ಲ ಬೇಡ ಎಂದಳು. ಅವಳು ಎಲ್ಲಿಗೆ ಹೊರಟಿದ್ದಾಳೆ ಎಂದು ಗೊತ್ತಾದಾಗ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂದೆಯೇ ಬಂದರು. ಮತ್ತೊಂದು ಜಗಳ ನೋಡಲು ಸಿಗುತ್ತದೆ ಎಂದೇ ಬಂದಿರಬೇಕು.

ಗ್ರೀಸಪ್ಪ ಸೈಕಲ್ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ತಲೆ ಎತ್ತಿ ನೋಡಿ ಎದ್ದು ನಿಂತ. ಬಡಕಲಾಗಿದ್ದ. ಕೈಗಳು ಗುರುತು ಸಿಗದಷ್ಟು ಶುಭ್ರವಾಗಿದ್ದವು. ವ್ಯಾನಕ್ಕ ಆ ಕೈಗಳನ್ನೇ ನೋಡಿದಳು. ಆಮೇಲೆ ಬೈದ ದಿನದಷ್ಟೇ ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಇದರ ಬ್ರೇಕ್ ನೋಡಿಕೊಡಪ್ಪಾ. ಬ್ರೇಕಿನ ವಿಷಯದಲ್ಲಿ ನಿನ್ನ ಬಿಟ್ಟು ಬೇರೆ ಯಾರನ್ನೂ ನಾನು ನಂಬಲ್ಲ."

ಗ್ರೀಸಪ್ಪ ಕೈಗಳನ್ನು ಅಂಗಿಗೆ ಒರೆಸಿಕೊಂಡು ಹಿಡಿಕೆ ಹಿಡಿದ. ಇಬ್ಬರೂ ಸೇರಿ ದೊರೆಸಾನಿಯನ್ನು ಒಳಗೆ ತಳ್ಳಿದರು. ಜಗಳ ಆಗಲಿಲ್ಲವಲ್ಲ ಎಂದು ಜನ ಒಬ್ಬೊಬ್ಬರಾಗಿ ಚದುರಿದರು.

ಒಳಗೆ ಅವಳು ಬೂಟನ್ನು ಬೆಂಚಿನ ಮೇಲಿಟ್ಟಳು. ಪಕ್ಕದಲ್ಲಿ ಸುಲಿದ ಟೇಪು ಇಟ್ಟಳು.

"ಟೇಪು ಸುತ್ತಿದ್ದು ನಾನೇ ಅತ್ತಿಗೆ" ಎಂದ ಗ್ರೀಸಪ್ಪ. "ಬೇಡ ಅಣ್ಣಾ, ಕಾಲು ಮಾತು ಕೇಳಲ್ಲ, ಬಸ್ಸಿಗೆ ಹೋಗು ಅಂದೆ. ನಕ್ಕುಬಿಟ್ಟ. ಹಾಗಾದ್ರೆ ಟೇಪಾದ್ರೂ ಸುತ್ತಿಕೊ, ಕಣ್ಣಿಗೆ ಬೀಳ್ತಿರಲಿ ಅಂತ ಸುತ್ತಿದೆ. ಲಾರಿ ಬಂದಾಗ ಬೂಟು ಯಾರು ನೋಡ್ತಾರೆ ಹೇಳಿ."

ಮೂಲೆಯಲ್ಲಿ ಟಾರ್ಪಾಲು ಮುಚ್ಚಿದ್ದ ಮುದ್ದೆಯನ್ನು ಅವನು ತೆರೆದು ತೋರಿಸಿದ. ಜಜ್ಜಿದ ಕಬ್ಬಿಣದ ನಡುವೆ ಬಲಗಡೆಯ ಬ್ರೇಕಿನ ಪೆಡಲು ಏನೂ ಆಗದ ಹಾಗಿತ್ತು. ಎಡಗಡೆ ಗೇರಿನ ಪೆಡಲು ಮಾತ್ರ ಕೆಳಕ್ಕೆ ಬಾಗಿತ್ತು, ಯಾರೋ ಮೈಮೇಲಿನ ಭಾರವನ್ನೆಲ್ಲ ಅದರ ಮೇಲೆ ಹಾಕಿ ನಿಂತ ಹಾಗೆ. "ಒದ್ದೆ ರಸ್ತೆಲಿ ಕೈ ಬ್ರೇಕ್ ಹಿಡೀಬಾರದು ಅಂತ ನಮಗೆಲ್ಲ ಪಾಠ ಹೇಳ್ತಿದ್ದವನು ಅವನೇ. ಅದನ್ನೂ ಹಿಡಿದಿಲ್ಲ. ಎಡಗಾಲನ್ನೇ ನಂಬಿದ" ಎಂದ.

ಅಂದರೆ ಅವನು ಬ್ರೇಕ್ ಹಾಕಿದ್ದ. ತನ್ನ ಕೈಲಾದಷ್ಟು ಹಾಕಿದ್ದ. ಗುಡ್ಡದ ಅಷ್ಟೂ ತಿರುವುಗಳಲ್ಲಿ ಅವಳನ್ನು ಹಿಂದೆ ಕೂರಿಸಿಕೊಂಡು ಕಾಪಾಡಿದ್ದ ಕಾಲು ಅದು.

"ಗೊತ್ತಿದ್ದೂ ಯಾಕೋ ಹೇಳಲಿಲ್ಲ?" ಎಂದಳು ವ್ಯಾನಕ್ಕ. "ನಿನ್ನ ಹೊಟ್ಟೆ ಮೇಲೆ ಹೊಡೆದೆನಲ್ಲೋ. ಊರೆದುರಿಗೆ ಬೈದೆ. ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲ."

ಗ್ರೀಸಪ್ಪ ಟಾರ್ಪಾಲನ್ನು ಮತ್ತೆ ಹೊದಿಸಿ, ಅಂಚುಗಳನ್ನು ಒಳಕ್ಕೆ ಸಿಕ್ಕಿಸಿದ. "ಹೇಳಿದ್ರೆ ಯಾರನ್ನ ಬೈತಿದ್ರಿ ಅತ್ತಿಗೆ? ದೊರೆಸಾನೀನ ಬೈಬೇಕಿತ್ತು, ಇಲ್ಲ ಅವನನ್ನ ಬೈಬೇಕಿತ್ತು. ಅವೆರಡೂ ನಿಮ್ಮ ಕೈಲಿ ಆಗ್ತಿರಲಿಲ್ಲ. ಬೈಯೋಕೆ ಒಬ್ಬ ಇಲ್ಲದೆ ಹೋದ್ರೆ ನೀವು ಉಳೀತಿರಲಿಲ್ಲ ಅನ್ನಿಸ್ತು. ನಾನಂತೂ ಇದ್ನಲ್ಲ, ಬೈಸಿಕೊಂಡೆ."

ವ್ಯಾನಕ್ಕ ಅಲ್ಲಿದ್ದ ಎಣ್ಣೆ ಡಬ್ಬದ ಮೇಲೆ ಕುಸಿದು ಕೂತಳು. ಇಷ್ಟು ದಿನ ಎತ್ತಿ ನಿಲ್ಲಿಸಿದ್ದ ಸಿಟ್ಟು ಕಾಲ ಕೆಳಗಿನಿಂದ ಸರಿದುಹೋಗಿತ್ತು. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಬೂಟನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಬಸ್ಸಿಗೆ ಹೋಗೋಕೆ ನಿಮಗೇನು ಧಾಡಿಯಾಗಿತ್ತು?" ಎಂದಳು. ಮೊದಲು ಮೆಲ್ಲಗೆ, ಆಮೇಲೆ ಶೆಡ್ಡಿನ ತಗಡು ನಡುಗುವ ಹಾಗೆ. "ಹೇಳ್ರೀ, ಏನು ಧಾಡಿಯಾಗಿತ್ತು? ಊರು ಮಂದಿಯೆಲ್ಲ ಬಸ್ಸಿಗೆ ಹೋಗಲ್ವಾ? ಹೋದೋರೆಲ್ಲ ಸಾಯಂಕಾಲ ಮನೆಗೆ ಬರಲ್ವಾ? ಅವನು ಬಡಕೊಂಡ, ಹೋಗಬೇಡ ಅಂತ. ನಕ್ಕರಂತೆ! ನಕ್ಕುಬಿಟ್ಟು ಹೋದರಂತೆ! ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ ನಿಮಗೆ?" ಕಣ್ಣೀರು ಬೂಟಿನ ಮೇಲೆ ಬಿದ್ದು ಧೂಳು ಕರಗಿ ಚರ್ಮ ಕಪ್ಪಗೆ ಹೊಳೆಯಿತು. ಅವಳು ಒರೆಸಲಿಲ್ಲ.

ಗ್ರೀಸಪ್ಪ ಹೊರಗೆ ಬಂದು, ಬಾಗಿಲನ್ನು ಅರ್ಧ ಎಳೆದು, ಅಲ್ಲೇ ಮೆಟ್ಟಿಲ ಮೇಲೆ ಕೂತ. ಕ್ಷೌರದಂಗಡಿಯವನು ತನ್ನ ಸ್ಕೂಟರನ್ನು ತಳ್ಳಿಕೊಂಡು ಬಂದು, ಏನು ಗಲಾಟೆ ಎಂದು ಕಣ್ಣಲ್ಲೇ ಕೇಳಿದ.

"ಗಂಡ ಹೆಂಡತಿ ಜಗಳ" ಎಂದ ಗ್ರೀಸಪ್ಪ. "ಸ್ವಲ್ಪ ಹೊತ್ತಾಗುತ್ತೆ. ಗಾಡಿ ಇಲ್ಲೇ ಬಿಟ್ಟು ಹೋಗು."